ಅಂಟಿಕೊಳ್ಳುವ ರಕ್ತಕಣಗಳು

ಆರೋಗ್ಯವಂತರ ರಕ್ತದಲ್ಲಿರುವ ಕೆಂಪು ಕಣವು ಎರಡು ಬದಿಯೂ ತಗ್ಗಾದ ಬಿಲ್ಲೆಯಂತಿರುತ್ತದೆ. ಅದರ ಅಗಲ ಸುಮಾರು 7.5 ಮೈಕ್ರಾನ್. ಅದು ಹಾದುಹೋಗಬೇಕಾದ ಲೋಮನಾಳಗಳಲ್ಲಿ ಅನೇಕವು ಇದಕ್ಕಿಂತಲೂ ಕಿರಿದಾದುವು. ಆದರೂ ಕಣವು ಮೈಮಡಿಸಿ ನುಸುಳಿಹೋಗುತ್ತದೆ. ಸುಮಾರು 120 ದಿನಗಳ ಆಯುಷ್ಯವೆಲ್ಲ ಇದೇ ಅದರ ಕಾಯಕ. ಬಾಗಿ ಮತ್ತೆ ಮೊದಲಿನಂತಾಗುವ ಈ ಗುಣವು ಪೊರೆಯ ಒಳಮೈಯಲ್ಲಿ ಬಲೆಯಂತೆ ಹೆಣೆದುಕೊಂಡಿರುವ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನಿಂದ ಬಂದುದು.

ಚಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಬೇರೊಂದು ಬಗೆಯ ಕಣಗಳನ್ನು ವರ್ಣಿಸಿದನು. ಅವು ಕುಡುಗೋಲಿನಂತೆ ಬಾಗಿದ್ದುವು. ಈ ರೋಗದ ಮೂಲ ಹಿಮೋಗ್ಲೋಬಿನ್ನಿನಲ್ಲಿದೆಯೆಂದು ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿಕೊಟ್ಟರು. ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಈ ಹಿಮೋಗ್ಲೋಬಿನ್ನಿನ ಅಣುಗಳು ಒಂದಕ್ಕೊಂದು ಜೋಡಿಸಿಕೊಂಡು ಗಡುಸಾದ ಎಳೆಗಳಾಗುತ್ತವೆ. ಕಣವು ಬಾಗುತ್ತದೆ, ನಾಳವು ಕಟ್ಟಿಕೊಳ್ಳುತ್ತದೆ.

ವಿವರಣೆ ಸರಳವಾಗಿದೆ. ಆದರೆ ಇಲ್ಲೊಂದು ತೊಡಕುಂಟು. ಎಳೆಗಳು ಮೂಡಲು ಸ್ವಲ್ಪ ಕಾಲ ಹಿಡಿಯುತ್ತದೆ. ಕಣವಾದರೋ ಲೋಮನಾಳವನ್ನು ಒಂದೆರಡು ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಹೆಚ್ಚಿನ ಕಣಗಳು ಬಾಗುವ ಮುನ್ನವೇ ಇಕ್ಕಟ್ಟನ್ನು ಕಳೆದು, ಶ್ವಾಸಕೋಶವನ್ನು ಸೇರಿ ಮತ್ತೆ ಆಮ್ಲಜನಕವನ್ನು ಪಡೆಯಬೇಕಷ್ಟೆ! ಹಾಗಾದರೆ ಅವುಗಳನ್ನು ದಾರಿಯಲ್ಲಿ ತಡೆದು ನಿಲ್ಲಿಸುವುದು ಯಾವುದು?

ಉತ್ತರವು ಪೊರೆಯ ಹೊರಮೈಯಲ್ಲಿದೆ. ಈ ರೋಗಿಗಳ ಕಣಗಳು ನಾಳದ ಒಳಪದರಕ್ಕೆ ಅಸಹಜವಾಗಿ ಅಂಟುವುವೆಂದೂ, ಅಂಟು ಹೆಚ್ಚಿದಷ್ಟೂ ರೋಗವು ಉಗ್ರವಾಗಿರುವುದೆಂದೂ ರಾಬರ್ಟ್ ಹೆಬ್ಬೆಲ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಈ ಅಂಟಿಗೆ ಕಾರಣವಾದ ಕೆಲವು ಪ್ರೋಟೀನುಗಳನ್ನು ಈಗ ಗುರುತಿಸಲಾಗಿದೆ. ಲುಥೆರನ್ ಎಂಬ ಪ್ರೋಟೀನು ನಾಳದ ಗೋಡೆಯ ಲ್ಯಾಮಿನಿನ್ನನ್ನು ಹಿಡಿಯುತ್ತದೆ. ಮಜ್ಜೆಯಿಂದ ಅವಸರದಲ್ಲಿ ಹೊರಬಂದ ಎಳೆಯ ಕಣಗಳು ಇನ್ನೂ ಕಳೆದುಕೊಳ್ಳದ ಕೊಂಡಿಯೊಂದರಿಂದ ಗೋಡೆಗೆ ಸಿಕ್ಕಿಕೊಳ್ಳುತ್ತವೆ. ಅಡ್ರಿನಲಿನ್ ರಸವು ತಾಗಿದರೆ ಅಂಟು ಹೆಚ್ಚುವುದೆಂದೂ ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಹೀಗೆ ಕೆಲವು ಕಣಗಳು ಅಂಟಿ ನಿಂತರೆ ಸಾಕು, ಹಿಂದಿನಿಂದ ಬಂದುವು ತಡವಾಗಿ, ಅಲ್ಲಿಯೇ ಬಾಗಿ, ದಾರಿಯನ್ನು ಪೂರ್ತಿಯಾಗಿ ಮುಚ್ಚುತ್ತವೆ. ಆಗ ಎಲುಬುಗಳಲ್ಲಿ ಅಸಾಧ್ಯ ನೋವು, ಗುಲ್ಮದ ನಾಶ, ಎಳೆಯ ಮಕ್ಕಳಿಗೂ ಪಾರ್ಶ್ವವಾಯು!

ಇದು ದೂರದೇಶದ ವಾರ್ತೆಯಲ್ಲ. ನೀಲಗಿರಿಯ ಗಿರಿಜನರಲ್ಲಿ ಈ ಕಣಗಳು 1952ರಲ್ಲಿಯೇ ಕಂಡುಬಂದುವು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಗಿರಿಜನರಲ್ಲಿಯೂ ಈ ರೋಗವುಂಟು.

ಅಂಟನ್ನೇ ತಡೆಯಲೆಂದು ರೂಪಿಸಿದ ಕ್ರಿಜಾನ್ಲಿಜುಮಾಬ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದು ಕಣದ ಪ್ರೋಟೀನನ್ನಲ್ಲ, ನಾಳದ ಒಳಪದರದಲ್ಲಿರುವ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಮುಚ್ಚುತ್ತದೆ. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. 2023ರಲ್ಲಿ ಯೂರೋಪು ತನ್ನ ಅನುಮತಿಯನ್ನು ಹಿಂತೆಗೆದುಕೊಂಡಿತು. ಹಳೆಯದಾದ ಹೈಡ್ರಾಕ್ಸಿಯೂರಿಯಾ ಗುಳಿಗೆಯೇ ಇಂದಿಗೂ ಹೆಚ್ಚಿನವರ ಆಸರೆ. ಗರ್ಭಸ್ಥ ಶಿಶುವಿನ ಬಗೆಯ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಎಳೆಗಳು ಮೂಡದಂತೆ ಮಾಡುವುದು ಅದರ ಮುಖ್ಯ ಕೆಲಸ. ಅದನ್ನು ಸೇವಿಸಿದವರಲ್ಲಿ ಎಳೆಯ ಕಣಗಳ ಮೇಲಿನ ಆ ಕೊಂಡಿಗಳೂ ಕಡಿಮೆಯಾಗಿರುವುದು ಕಂಡುಬಂದಿದೆ.