ಬಿಳುಪೇರಿದ ಚಾಕೊಲೇಟು

ಕಳೆದ ಬೇಸಿಗೆಯಲ್ಲಿ ವಿಟ್ಲದ ಸೋದರಮಾವನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಮಾವನವರು ಕಪಾಟಿನಿಂದ ಒಂದು ಪೊಟ್ಟಣ ತಂದು ನನ್ನ ಮುಂದಿಟ್ಟರು. ನಮ್ಮ ಸೀಮೆಯ ಕೊಕ್ಕೋದಿಂದಲೇ ಮಾಡಿದ್ದೆಂದು ಮೊಮ್ಮಗನು ದೀಪಾವಳಿಗೆ ಬೆಂಗಳೂರಿನಿಂದ ತಂದುಕೊಟ್ಟ ಚಾಕೊಲೇಟು ಅದು. ಬಿಚ್ಚಿ ನೋಡಿದರೆ ಮೈಯೆಲ್ಲ ಬೂದಿ ಬಳಿದಂತೆ ಬಿಳುಪು.

“ಬೂಸ್ಟು ಹಿಡಿದಿದೆ, ನೋಡು. ನಮ್ಮ ಬೀಜದ ಯೋಗ್ಯತೆ ಇಷ್ಟೇ” ಎಂದರು.

ಆ ಮಾತಿನ ಹಿಂದೆ ಹಳೆಯ ನೋವೊಂದಿತ್ತು. 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಕಾಯಿಗಳು ತೋಟದಲ್ಲೇ ಕೊಳೆತಾಗ, ಅಡಿಕೆ ಮರಗಳ ನಡುವೆ ತಾವೇ ನೆಟ್ಟು ಬೆಳೆಸಿದ ಕೊಕ್ಕೋ ಗಿಡಗಳನ್ನು ತಮ್ಮ ಕೈಯಾರೆ ಕಡಿದವರು ಅವರು. ಬಳಿಕ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟು ಕಾರ್ಖಾನೆ ತಲೆಯೆತ್ತಿತು. 1956ರಲ್ಲಿ ಅಡಿಕೆಗೆಂದು ವಿಟ್ಲದಲ್ಲಿ ಆರಂಭವಾಗಿ, ಇಂದು ಸಿ.ಪಿ.ಸಿ.ಆರ್.ಐ.ಗೆ ಸೇರಿರುವ ಸಂಶೋಧನಾ ಕೇಂದ್ರವು ಊರಿನ ಹೆಸರನ್ನೇ ಹೊತ್ತ ಕೊಕ್ಕೋ ತಳಿಗಳನ್ನು ಹೊರತಂದಿತು. ಮಾವನವರೂ ಮತ್ತೆ ಗಿಡ ನೆಟ್ಟರು. ನಂಬಿಕೆ ಮಾತ್ರ ಚಿಗುರಿರಲಿಲ್ಲ.

ಆದರೆ ಆ ಬಿಳುಪು ಬೂಸ್ಟಲ್ಲ. ಒಣಗಿದ ಕೊಕ್ಕೋ ಬೀಜದ ತಿರುಳಿನಲ್ಲಿ ಸುಮಾರು ಅರ್ಧ ಪಾಲು ಕೊಬ್ಬು. ಅದಕ್ಕೆ ಕೊಕ್ಕೋ ಬೆಣ್ಣೆ ಎಂದು ಹೆಸರು. ಅಡಿಕೆ ಹಾಳೆಯ ತಟ್ಟೆಗಳನ್ನು ನೆನೆಯಿರಿ. ಒಂದರೊಳಗೊಂದು ಕೂರುವಂತೆ ಪೇರಿಸಿದರೆ ನೂರು ತಟ್ಟೆಗಳು ಸಣ್ಣ ಕಟ್ಟಾಗುತ್ತವೆ, ಗಟ್ಟಿಯಾಗಿ ನಿಲ್ಲುತ್ತವೆ. ಹೇಗೆಂದರೆ ಹಾಗೆ ಒಟ್ಟಿದರೆ ಮುಟ್ಟಿದೊಡನೆ ಜಾರುತ್ತವೆ. ತಟ್ಟೆ ಅದೇ, ಜೋಡಣೆ ಬೇರೆ. ಕೊಬ್ಬಿನ ಅಣುಗಳೂ ಹಾಗೆಯೇ. ಒಂದೇ ವಸ್ತು ಹಲವು ಬಗೆಯ ಸ್ಫಟಿಕಗಳಾಗುವ ಈ ಗುಣವನ್ನು ಬಹುರೂಪತೆ ಎನ್ನುತ್ತಾರೆ.

ಕೊಕ್ಕೋ ಬೆಣ್ಣೆಗೆ ಆರು ರೂಪಗಳುಂಟೆಂದು 1966ರಲ್ಲಿ ವಿಲ್ಲೆ ಮತ್ತು ಲಟನ್ ಎಂಬ ವಿಜ್ಞಾನಿಗಳು ವಿವರಿಸಿದರು. ಮೊದಲನೆಯದು ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ನಾಲ್ಕನೆಯದು 27ರ ಆಸುಪಾಸಿನಲ್ಲಿ, ಐದನೆಯದು ಸುಮಾರು 34ರಲ್ಲಿ, ಆರನೆಯದು 36ರಲ್ಲಿ. ಚಾಕೊಲೇಟಿಗೆ ಬೇಕಾದದ್ದು ಐದನೆಯದು. ಹೊಳಪು, ಮುರಿದಾಗ ಟಪ್ಪೆನ್ನುವ ಸದ್ದು, ನಾಲಿಗೆಯ ಮೇಲೆ ಕರಗುವ ಸೊಗಸು ಎಲ್ಲವೂ ಅದರವು. ಆದರೆ ಅದು ತಾನಾಗಿ ಬರುವುದಲ್ಲ. ಕರಗಿಸಿದ ಪಾಕವನ್ನು 27–28 ಡಿಗ್ರಿಗೆ ಇಳಿಸಿ, ಕಲಕುತ್ತ, ಮತ್ತೆ 31–32ಕ್ಕೆ ಏರಿಸಿ ದುರ್ಬಲ ಸ್ಫಟಿಕಗಳನ್ನು ಕರಗಿಸಬೇಕು. ಇಲ್ಲವೇ ಒಳ್ಳೆಯ ಚಾಕೊಲೇಟಿನ ಚೂರೊಂದನ್ನು ಪಾಕಕ್ಕೆ ಹಾಕಬೇಕು. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದು. ಚೂರಿನ ಜೋಡಣೆಯನ್ನೇ ಉಳಿದ ಕೊಬ್ಬು ಅನುಸರಿಸುತ್ತದೆ.

ದೇಹದ ಶಾಖಕ್ಕೆ ಕರಗುವುದರಿಂದ ಗುದದ್ವಾರದಲ್ಲಿಡುವ ಔಷಧದ ಗುಳಿಗೆಗಳಿಗೂ ಈ ಬೆಣ್ಣೆ ಒದಗುತ್ತದೆ. ಅಲ್ಲಿಯೂ ಅದೇ ಎಚ್ಚರ. ಅತಿಯಾಗಿ ಕಾಯಿಸಿದರೆ ಕೆಳಗಿನ ರೂಪಗಳು ಹುಟ್ಟಿ, ಗುಳಿಗೆ ಕೋಣೆಯಲ್ಲೇ ಮೆತ್ತಗಾಗುತ್ತದೆ.

ಇನ್ನು ನಮ್ಮ ಏಪ್ರಿಲ್ ತಿಂಗಳ ಕಪಾಟು! ಹಗಲು 34 ಡಿಗ್ರಿ ದಾಟಿದಾಗ ಚಾಕೊಲೇಟು ಒಳಗೊಳಗೇ ಕರಗಿತು. ರಾತ್ರಿ ಯಾರ ಮೇಲ್ವಿಚಾರಣೆಯೂ ಇಲ್ಲದೆ ಮನಬಂದಂತೆ ಹೆಪ್ಪುಗಟ್ಟಿತು. ಮೇಲಕ್ಕೆ ಬಂದ ಕೊಬ್ಬು ಹೊಸ ಸ್ಫಟಿಕಗಳಾಗಿ ಬೆಳಕನ್ನು ಚದುರಿಸಿತು. ನಾವು ಕಂಡ ಬಿಳುಪು ಅದೇ. ತಂಪಿನಲ್ಲಿ ಜೋಪಾನವಾಗಿಟ್ಟರೂ ಐದನೆಯ ರೂಪ ತಿಂಗಳುಗಟ್ಟಲೆ ಕಳೆದಾಗ ಮೆಲ್ಲಗೆ ಆರನೆಯದಕ್ಕೆ ಜಾರಿ ಬಿಳುಪೇರುವುದುಂಟು. ಎಂಥ ವಿಚಿತ್ರ ನೋಡಿ: ಕೊಕ್ಕೋ ಮರಕ್ಕೆ ನಮ್ಮ ಸೆಕೆಯೇ ಹಿತ, ಅದರ ಬೆಣ್ಣೆಗೆ ಅದೇ ಸೆಕೆ ಶತ್ರು.

ಇಷ್ಟು ಹೇಳಿ ನಾನೊಂದು ತುಂಡು ಬಾಯಿಗೆ ಹಾಕಿಕೊಂಡೆ. ನವಿರು ತುಸು ಕೆಟ್ಟಿತ್ತು, ರುಚಿ ಕೆಟ್ಟಿರಲಿಲ್ಲ. ಮಾವನವರೂ ಅನುಮಾನಿಸುತ್ತಲೇ ಒಂದು ತುಂಡು ತೆಗೆದುಕೊಂಡರು. ಬಹಳ ಹೊತ್ತು ಮಾತಿಲ್ಲ.

“ಹಾಗಾದರೆ ಬೀಜದ ತಪ್ಪಲ್ಲವೋ?”

“ಅಲ್ಲ ಮಾವ, ಕಪಾಟಿನದು.”

ಅವರು ಪೊಟ್ಟಣವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಅತ್ತೆಯವರ ಕೈಗಿತ್ತು ಫ್ರಿಜ್ಜಿನಲ್ಲಿಡುವಂತೆ ಹೇಳಿದರು. ಬಳಿಕ ತೋಟದ ಕಡೆ ನೋಡುತ್ತ ಮೆಲ್ಲಗೆ ಅಂದರು: “ಹೇಗಿತ್ತೆಂದು ಆ ಹುಡುಗ ಎಷ್ಟೋ ಸಲ ಕೇಳಿದ್ದ. ಸಂಜೆ ಒಂದು ಫೋನು ಮಾಡಬೇಕು.”