ಇಸೆ: ದೇಗುಲದ ಮುಂದೆ ಬೆಳೆದ ನಗರ

ಪುಣ್ಯಕ್ಷೇತ್ರದ ಮಹಾದ್ವಾರದ ಮುಂದೆ ಪೇಟೆಯೊಂದು ಹುಟ್ಟಿ, ಕಾಲಕ್ರಮದಲ್ಲಿ ನಗರವಾಗಿ ಬೆಳೆಯುವುದು ಅನೇಕ ದೇಶಗಳಲ್ಲಿ ಕಂಡುಬರುವ ಸಂಗತಿ. ಜಪಾನಿನ ಅಂಥ ನಗರಗಳಲ್ಲಿ ಇಸೆ ಅಗ್ರಗಣ್ಯವಾದುದು. ಇಲ್ಲಿ ದೇಗುಲವು ಊರನ್ನು ಸಾಕಿತು. ದೇಗುಲಕ್ಕೆ ವಿಪತ್ತು ಒದಗಿದಾಗ ಸಾಮಾನ್ಯ ಜನರ ಕಾಣಿಕೆಯೇ ಅದನ್ನು ಎತ್ತಿ ನಿಲ್ಲಿಸಿತು.

ಶಿಂತೋ ಧರ್ಮೀಯರಿಗೆ ಪರಮಪೂಜ್ಯವಾದ ಈ ಕ್ಷೇತ್ರದಲ್ಲಿ ಪ್ರಧಾನ ಸನ್ನಿಧಿಗಳು ಎರಡು. ಇಸುಜು ನದೀತೀರದ ಒಳಗುಡಿಯು ಸೂರ್ಯದೇವತೆಯಾದ ಅಮತೆರಾಸುವಿನದು. ಐದಾರು ಕಿಲೋಮೀಟರು ದೂರದ ಹೊರಗುಡಿಯು ಆಹಾರದ ಅಧಿದೇವತೆ ತೊಯೊಉಕೆಯದು. ಒಳಗುಡಿಯ ಮುಂದೆ ಉಜಿ, ಹೊರಗುಡಿಯ ಸುತ್ತ ಯಮಾದ ಎಂಬ ಊರುಗಳು ಬೆಳೆದವು.

ಈ ಗುಡಿಗಳು ಶಿಲಾಮಯವಲ್ಲ; ಹಿನೊಕಿ ಎಂಬ ಮರದಿಂದ ಕಟ್ಟಿ, ಹುಲ್ಲು ಹೊದಿಸಿದವು. ಇಪ್ಪತ್ತು ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಅದೇ ಆಕಾರದ ಹೊಸ ಗುಡಿಯನ್ನು ನಿರ್ಮಿಸಿ ದೇವತೆಯನ್ನು ಅಲ್ಲಿಗೆ ಬಿಜಯಂಗೈಸುತ್ತಾರೆ. ಜಿತೊ ಸಾಮ್ರಾಜ್ಞಿಯ ಕಾಲದಲ್ಲಿ, 690ರಲ್ಲಿ ಆರಂಭವಾದ ಈ ಪದ್ಧತಿಯ 62ನೆಯ ಆವೃತ್ತಿ 2013ರಲ್ಲಿ ನೆರವೇರಿತು.

ಆದಿಯಲ್ಲಿ ಇದರ ವೆಚ್ಚವೆಲ್ಲ ಅರಸೊತ್ತಿಗೆಯದು. ಪ್ರಜೆಗಳು ಖಾಸಗಿಯಾಗಿ ಕಾಣಿಕೆ ಸಲ್ಲಿಸುವುದಕ್ಕೇ ನಿಷೇಧವಿತ್ತು. ಹದಿನೈದನೆಯ ಶತಮಾನದ ಅಂತರ್ಯುದ್ಧಗಳಲ್ಲಿ ಅರಮನೆಯ ಬೊಕ್ಕಸ ಬರಿದಾಗಿ, 120ಕ್ಕೂ ಹೆಚ್ಚು ವರ್ಷಕಾಲ ಪುನರ್ನಿರ್ಮಾಣ ನಿಂತುಹೋಯಿತು. ಉಜಿ ಮತ್ತು ಯಮಾದಗಳ ನಡುವಣ ಕಾಳಗದಲ್ಲಿ, 1486ರಲ್ಲಿ, ಹೊರಗುಡಿ ಬೆಂಕಿಗೆ ಆಹುತಿಯಾಯಿತು. ಆಗ ಜನರಿಂದ ಧನಸಂಗ್ರಹ ಮಾಡಿ 1563ರಲ್ಲಿ ಹೊರಗುಡಿಯ ಪುನರ್ನಿರ್ಮಾಣಕ್ಕೆ ಕಾರಣಳಾದವಳು ಸೆಯಿಜುನ್ ಎಂಬ ಬೌದ್ಧ ಭಿಕ್ಷುಣಿ. ಅನ್ಯಮಾರ್ಗದ ವಿರಕ್ತೆಯೊಬ್ಬಳು ಶಿಂತೋ ಗುಡಿಗಾಗಿ ಜೋಳಿಗೆ ಹಿಡಿದದ್ದು ಗಮನಾರ್ಹ. 1585ರಲ್ಲಿ ಎರಡು ಗುಡಿಗಳೂ ಹೊಸತಾದವು.

ಊರಿನ ಏಳಿಗೆಗೆ ಮುಖ್ಯ ಕಾರಣರಾದವರು ‘ಒನ್ಶಿ’ ಎಂಬ ಪುರೋಹಿತರು. ಇವರು ತಮ್ಮ ಜನರ ಮೂಲಕ ದೂರದ ಪ್ರಾಂತಗಳ ಭಕ್ತರ ಮನೆಗಳಿಗೆ ವರ್ಷಂಪ್ರತಿ ರಕ್ಷಾಪತ್ರವನ್ನೂ ಪಂಚಾಂಗವನ್ನೂ ತಲುಪಿಸುತ್ತಿದ್ದರು. ಯಾತ್ರೆಗೆ ಬಂದ ಭಕ್ತರಿಗೆ ತಮ್ಮ ಮನೆಯಲ್ಲೇ ವಸತಿ, ಊಟ, ಪೂಜೆಗಳ ವ್ಯವಸ್ಥೆ ಮಾಡುತ್ತಿದ್ದರು. ಹಳ್ಳಿಗರು ಕೂಟ ಕಟ್ಟಿ, ಹಣ ಕೂಡಿಸಿ, ಸರದಿಯಂತೆ ಕೆಲವರನ್ನು ಎಲ್ಲರ ಪರವಾಗಿ ಕಳುಹಿಸುವುದು ರೂಢಿಯಾಯಿತು. ವ್ಯಾಪಾರ ವೃದ್ಧಿಸಿದಂತೆ, 1610ರ ಸುಮಾರಿನಲ್ಲಿ ಯಮಾದದಲ್ಲಿ ಹೊರಟ ಕಾಗದದ ಹಣವು ಜಪಾನಿನಲ್ಲೇ ಅತಿ ಪ್ರಾಚೀನವೆಂದು ಪರಿಗಣಿತವಾಗಿದೆ. 1705, 1771 ಮತ್ತು 1830ರಲ್ಲಿ ಜನಸಾಗರವೇ ಹರಿದುಬಂದಿತು. ಯಜಮಾನರ ಅಪ್ಪಣೆ ಪಡೆಯದೆಯೇ ಹೊರಟ ಆಳುಕಾಳುಗಳೂ ಅದರಲ್ಲಿದ್ದರು. ಅಂಥವರಿಗೆ ದಾರಿಯುದ್ದಕ್ಕೂ ಜನರು ಅನ್ನವಿಕ್ಕಿದರು. 1830ರ ಯಾತ್ರಿಕರ ಸಂಖ್ಯೆ 40 ಲಕ್ಷವನ್ನು ಮೀರಿತ್ತೆಂದು ಅಂದಾಜು.

ಮೈಜಿ ಸರಕಾರವು 1871ರಲ್ಲಿ ದೇಗುಲವನ್ನು ರಾಜ್ಯದ ಅಧೀನಕ್ಕೆ ತಂದು, ಒನ್ಶಿ ಪದ್ಧತಿಯನ್ನು ರದ್ದುಪಡಿಸಿತು. ತಲೆತಲಾಂತರದ ವೃತ್ತಿ ಒಮ್ಮೆಗೇ ಹೋಯಿತು. 1889ರಲ್ಲಿ ಎರಡೂ ಊರುಗಳು ಕೂಡಿ ಉಜಿಯಮಾದ ಪಟ್ಟಣವಾದವು; 1906ರಲ್ಲಿ ಅದು ನಗರವೆನಿಸಿತು. 1945ರ ಜುಲೈ ತಿಂಗಳ ಬಾಂಬುದಾಳಿಯಲ್ಲಿ ನಗರದ ಬಹುಭಾಗ ಸುಟ್ಟರೂ ಪ್ರಧಾನ ಗುಡಿಗಳು ಉಳಿದವು.

ಯುದ್ಧಾನಂತರ ಧರ್ಮವೂ ರಾಜ್ಯವೂ ಬೇರ್ಪಟ್ಟು ಸರಕಾರದ ನೆರವು ನಿಂತಿತು. 1949ರಲ್ಲಿ ನಡೆಯಬೇಕಿದ್ದ ಪುನರ್ನಿರ್ಮಾಣ ಮುಂದೆ ಹೋಗಿ, ಜನರ ದೇಣಿಗೆಯಿಂದ 1953ರಲ್ಲಿ ನೆರವೇರಿತು. ಸೆಯಿಜುನ್ ತೋರಿದ ದಾರಿಯೇ ಮತ್ತೆ ಆಸರೆಯಾಯಿತು. 1955ರಲ್ಲಿ ನಗರಕ್ಕೆ ಕ್ಷೇತ್ರದ ಹೆಸರೇ ಬಂದು, ಅದು ಇಸೆ ಎನಿಸಿತು. ಪುನರ್ನಿರ್ಮಾಣದ ಕಾಲ ಬಂದಾಗ ಊರಿನವರು ದಿಮ್ಮಿಗಳನ್ನು ಹಗ್ಗ ಹಿಡಿದು ಎಳೆದು ತರುತ್ತಾರೆ. ಹೊಸ ಗುಡಿಯ ಅಂಗಳಕ್ಕೆ ಹಾಸುವ ಬಿಳಿಗಲ್ಲುಗಳನ್ನು ತಾವೇ ಹೊತ್ತು ಸಲ್ಲಿಸುತ್ತಾರೆ.