ಕುರ್ಚಿಯ ಗವುಸೂ ಮನೆಯ ನೆಮ್ಮದಿಯೂ

ಸೀರೆ ಪಂಚೆಗಳನ್ನು ಕೊಳ್ಳುವಾಗ ಹತ್ತು ಸಲ ಮುಟ್ಟಿ, ಬೆಳಕಿಗೆ ಹಿಡಿದು, ಬಣ್ಣ ಬಿಡುವುದೇ ಎಂದು ವಿಚಾರಿಸುವ ಗೃಹಸ್ಥರು, ಕುರ್ಚಿ ಸೋಫಾಗಳಿಗೆ ಹೊದಿಸುವ ಬಟ್ಟೆಯನ್ನು ಮಾತ್ರ ಕಣ್ಣಿಗೆ ಕಂಡ ಚೆಲುವಿನಿಂದಲೇ ಆರಿಸಿಬಿಡುವುದುಂಟು. ಸೀರೆ ಹಿಡಿಸದಿದ್ದರೆ ಪೆಟ್ಟಿಗೆಯ ತಳ ಸೇರೀತು. ಕುರ್ಚಿಯ ಬಟ್ಟೆ ಹಿಡಿಸದಿದ್ದರೆ ಮನೆಮಂದಿಯೆಲ್ಲ ವರುಷಗಟ್ಟಲೆ ಅದರ ಮೇಲೆಯೇ ಕೂರಬೇಕು. ಈ ಪಾಠವನ್ನು ನಾವು ಹಣ ತೆತ್ತು ಕಲಿತವರಾದುದರಿಂದ ವಾಚಕರೊಡನೆ ನಾಲ್ಕು ಮಾತು ಹೇಳಬಯಸುತ್ತೇವೆ.

ನಮ್ಮದು ಹಗರಿಬೊಮ್ಮನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕು ಬಯಲುಸೀಮೆಯದು. ಬೇಸಗೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಇಲ್ಲಿ ಹೊಸತಲ್ಲ. ಗಾಳಿಗಾಲ ಬಂದರೆ ಬಾಗಿಲು ಮುಚ್ಚಿದರೂ ಧೂಳು ಒಳಗೆ ಬಾರದಿರದು. ಇಂಥ ಊರಿನಲ್ಲಿ ನಾವು ಕೆಲವು ವರುಷಗಳ ಹಿಂದೆ ಪಡಸಾಲೆಗೆಂದು ರೆಕ್ಸಿನ್ ಹೊದಿಸಿದ ಸೋಫಾ ತಂದೆವು. ಒದ್ದೆ ಅರಿವೆಯಿಂದ ಒರೆಸಿದರೆ ಸಾಕು, ತೊಳೆಯುವ ಗೊಡವೆಯಿಲ್ಲವೆಂಬ ಮಾತಿಗೆ ಮರುಳಾದೆವು.

ಚಳಿಗಾಲ ಸುಖವಾಗಿಯೇ ಕಳೆಯಿತು. ಯುಗಾದಿ ದಾಟಿದೊಡನೆ ನಮ್ಮ ಅಜ್ಜಿಯವರು ಪಡಸಾಲೆಗೆ ಬರುವುದನ್ನು ಬಿಟ್ಟರು. ಮೊಣಕಾಲು ನೋವಿನಿಂದ ಅವರು ನೆಲದ ಮೇಲೆ ಕೂರಲಾರರು; ಆದುದರಿಂದ ಒಳಕೋಣೆಯ ಮಂಚವೇ ಗತಿಯಾಯಿತು. ಸಂಜೆಯ ಮಾತುಕತೆ ಅವರಿಲ್ಲದೆ ಸಪ್ಪೆಯಾಯಿತು. ನಾವು ಆರೋಗ್ಯ ಕೆಟ್ಟಿತೆಂದು ಗಾಬರಿಗೊಂಡು ಕೇಳಿದರೆ ಅವರು ಹೇಳಿದ್ದಿಷ್ಟೆ: "ಅದು ಮೈಗೆ ಅಂಟತೈತಪ್ಪಾ. ಬೆವತು ಕುಂತ್ರ ಏಳಾಕ ಆಗಂಗಿಲ್ಲ." ಮನೆಯ ಹಿರಿಯ ಜೀವವನ್ನು ಮೂಲೆಗೆ ತಳ್ಳಿದುದು ರೋಗವಲ್ಲ, ನಾವು ಆರಿಸಿದ ಹೊದಿಕೆ!

ಇದರ ಕಾರಣ ಸರಳವಾದುದು. ರೆಕ್ಸಿನ್ ಎಂಬುದು ಬಟ್ಟೆಗೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟು ಮಾಡಿದುದು. ಅದರೊಳಗೆ ಗಾಳಿಯಾಡದು, ಬೆವರು ಇಂಗದು. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ನೂರಕ್ಕೆ ಸುಮಾರು 8 ಪಾಲು ತೇವವನ್ನು ಹಿಡಿದಿರುತ್ತದೆ. ಪಾಲಿಯೆಸ್ಟರ್ ನೂಲು ನೂರಕ್ಕೆ ಅರ್ಧ ಪಾಲನ್ನೂ ಹಿಡಿಯದು. ಬೆವರುವ ಸೀಮೆಯಲ್ಲಿ ಹತ್ತಿಯೇ ಮೈಗೆ ಹಿತವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಖಮಲ್ಲು ನೋಡಲು ಸೊಗಸಾದರೂ ಅದರ ರೋಮಗಳ ನಡುವೆ ಧೂಳು ಮನೆಮಾಡುತ್ತದೆ.

ಹಾಗೆಂದು ತೆಳು ಹತ್ತಿ ಬಟ್ಟೆ ಸಲ್ಲದು. ಹಾಸು ಹೊಕ್ಕು ಎರಡೂ ಬಿಗಿಯಾದ ದಪ್ಪ ನೇಯ್ಗೆ ಬೇಕು. ಬೆಳಕಿಗೆ ಹಿಡಿದಾಗ ಕಿಂಡಿ ಕಿಂಡಿಯಾಗಿ ಕಾಣಬಾರದು. ಉಗುರಿನಿಂದ ಕೆರೆದರೆ ಎಳೆ ಸರಿಯಬಾರದು. ಒದ್ದೆಯಾದ ಬಿಳಿ ಅರಿವೆಯಿಂದ ಉಜ್ಜಿ ಬಣ್ಣ ಹತ್ತುವುದೇ ಎಂದು ನೋಡಬೇಕು. ದೊಡ್ಡ ಅಂಗಡಿಗಳಲ್ಲಿ ಮಾರ್ಟಿನ್‌ಡೇಲ್ ಎಂಬ ಉಜ್ಜು ಪರೀಕ್ಷೆಯ ಅಂಕಿಯನ್ನೂ ಕೇಳಬಹುದು. ದಿನಬಳಕೆಯ ಮನೆಗೆ 15,000ದಿಂದ 25,000 ಉಜ್ಜು ತಾಳುವ ಬಟ್ಟೆ ಸಾಕು. ಅಂಗೈಯಗಲದ ತುಣುಕನ್ನು ಬೇಡಿ ತಂದು, ಹಗಲು ಕಿಟಕಿಯ ಬಳಿಯೂ ಇರುಳು ದೀಪದ ಕೆಳಗೂ ಇಟ್ಟು ನೋಡಿದರೆ ಬಣ್ಣದ ನಿಜ ತಿಳಿಯುತ್ತದೆ. ಅಚ್ಚ ಬಿಳುಪೂ ಕಡುಗಪ್ಪೂ ಧೂಳನ್ನು ಎತ್ತಿ ತೋರಿಸುತ್ತವೆ. ಮಣ್ಣಿನ ಬಣ್ಣ, ಸಣ್ಣ ಚೌಕುಳಿಗಳು ಅದನ್ನು ಮರೆಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು, ಬಟ್ಟೆಯನ್ನು ಮೊಳೆ ಹೊಡೆದು ಕೂರಿಸದೆ, ಕಳಚಿ ಒಗೆಯಬಹುದಾದ ಗವುಸಾಗಿ ಹೊಲಿಸುವುದು. ಎರಡು ಜೊತೆಯಿದ್ದರೆ ಒಂದು ಒಣಗುವಾಗ ಇನ್ನೊಂದು ಕುರ್ಚಿಯ ಮೇಲಿರುತ್ತದೆ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಕತ್ತರಿ ಇಡುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇದನ್ನು ಮರೆತು ಗವುಸು ಸಾಲದೆ ಪೇಚಾಡಿದವರು ಬಹಳ. ಪಟ್ಟೆಗಳ ವಿನ್ಯಾಸವಾದರೆ ಕೂಡಿಸಿ ಹೊಲಿಯಲು ಒಂದಿಷ್ಟು ಹೆಚ್ಚು ಬಟ್ಟೆ ತರುವುದು ಲೇಸು.

ನಮ್ಮ ಸುತ್ತಿನ ಕೈಗೆಲಸಗಳನ್ನೂ ಮರೆಯಲಾಗದು. ದಿವಾನಕ್ಕೆ ನವಲಗುಂದದ ಜಮಖಾನ ಒಪ್ಪುತ್ತದೆ. ಸಂಡೂರಿನ ಲಂಬಾಣಿ ಕಸೂತಿಯಂತೂ ಜಗತ್ತಿನ ಕಣ್ಣು ಸೆಳೆದಿದೆ. 2023ರ ಜುಲೈನಲ್ಲಿ ಹಂಪೆಯ ಜಿ-20 ಸಭೆಯ ವೇಳೆ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆದರೆ ಕನ್ನಡಿಯ ಬಿಲ್ಲೆಗಳು ಕೂರುವ ಜಾಗಕ್ಕೆ ತಕ್ಕವಲ್ಲ; ಮೂಲೆಯ ಅಲಂಕಾರದ ದಿಂಬಿಗೆ ಅವು ಶೋಭೆ.

ಕೊನೆಗೆ ನಾವು ಸೋಫಾವನ್ನು ಮಾರಲಿಲ್ಲ. ದಪ್ಪ ಹತ್ತಿಯ ಎರಡು ಜೊತೆ ಗವುಸು ಹೊಲಿಸಿ ರೆಕ್ಸಿನ್ನಿನ ಮೇಲೆಯೇ ತೊಡಿಸಿದೆವು. ಅಜ್ಜಿಯವರು ಅಂಗೈಯಿಂದ ಸವರಿ ನೋಡಿ, ಮೆಲ್ಲನೆ ಕುಳಿತು, ಕೋಲನ್ನು ಪಕ್ಕಕ್ಕಿಟ್ಟರು. ಅಂದಿನಿಂದ ಸಂಜೆಯ ಮಾತುಕತೆ ಮತ್ತೆ ಪಡಸಾಲೆಯಲ್ಲೇ ನಡೆಯುತ್ತಿದೆ. ಮನೆಯಲ್ಲಿ ಹೆಚ್ಚು ಹೊತ್ತು ಕೂರುವವರು ಯಾರೋ, ಅವರ ಕೈಗೆ ಮೊದಲು ಬಟ್ಟೆಯ ತುಣುಕನ್ನು ಕೊಡಿರಿ; ಚೆಲುವಿನ ಮಾತು ಆಮೇಲೆ.